ಜೀವಕ್ಕೆ ಕುಂಬಾರನುಂಟೆ?

ಮಡಕೆಯನ್ನು ಕಂಡವನು ಕುಂಬಾರನನ್ನು ಊಹಿಸುತ್ತಾನೆ; ಬಟ್ಟೆಯನ್ನು ಕಂಡವನು ನೇಕಾರನನ್ನು ಊಹಿಸುತ್ತಾನೆ. ಹೀಗಿರುವಾಗ ಕಣ್ಣು, ಕಿವಿ, ಹೃದಯಗಳಂಥ ಸೂಕ್ಷ್ಮ ರಚನೆಗಳುಳ್ಳ ಜೀವಿಯನ್ನು ಕಂಡಾಗ ಅದಕ್ಕೊಬ್ಬ ಕರ್ತೃವನ್ನು ಊಹಿಸುವುದು ಮನುಷ್ಯನಿಗೆ ಸಹಜವೇ ಆಗಿದೆ. ಭಾರತದ ನೈಯಾಯಿಕರು ಈ ಊಹೆಯನ್ನು ಬಲವಾದ ಅನುಮಾನ ಪ್ರಮಾಣವಾಗಿ ಬೆಳೆಸಿದರು. ಉದಯನಾಚಾರ್ಯರ ‘ನ್ಯಾಯಕುಸುಮಾಂಜಲಿ’ ಅದರ ಶಿಖರ. ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಪ್ರಕಟಿಸಿದ ‘ನ್ಯಾಚುರಲ್ ಥಿಯಾಲಜಿ’ಯಲ್ಲಿ ಮಡಕೆಯ ಸ್ಥಾನಕ್ಕೆ ಗಡಿಯಾರ ಬಂದಿತು. ಬಯಲಿನಲ್ಲಿ ನಡೆಯುವವನು ಕಲ್ಲನ್ನು ಎಡವಿದರೆ ಅದು ಅಲ್ಲಿಗೆ ಹೇಗೆ ಬಂದಿತೆಂದು ವಿಚಾರಿಸುವುದಿಲ್ಲ, ಗಡಿಯಾರ ಸಿಕ್ಕಿದರೆ ವಿಚಾರಿಸದೆ ಇರಲಾರನು ಎಂಬುದು ಅವರ ತರ್ಕ. ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಪೇಲಿಯವರ ಬರಹಗಳನ್ನು ಮೆಚ್ಚಿ ಓದಿದ ಚಾರ್ಲ್ಸ್ ಡಾರ್ವಿನ್ನರೇ 1859ರಲ್ಲಿ ಆ ತರ್ಕದ ಬುಡವನ್ನು ಅಲುಗಾಡಿಸಿದರು.

ಅಂದಿನಿಂದ ಲೋಕದಲ್ಲಿ ಎರಡು ಪಕ್ಷಗಳು ಎದುರುಬದುರಾಗಿ ನಿಂತಿವೆ. ಜೀವವು ಒಬ್ಬ ಬುದ್ಧಿವಂತ ಕರ್ತೃವಿನ ಸಂಕಲ್ಪದಿಂದ ಬಂದಿತೆನ್ನುವುದು ಒಂದು. ಜಡವಸ್ತುಗಳ ಆಕಸ್ಮಿಕ ಕೂಟದಿಂದ ಬಂದಿತೆನ್ನುವುದು ಇನ್ನೊಂದು. ಶಾಲೆಯ ಮಕ್ಕಳಿಂದ ಹಿಡಿದು ದೂರದರ್ಶನದ ಚರ್ಚಾಕೂಟಗಳವರೆಗೆ ಎಲ್ಲರೂ ಈ ಎರಡರಲ್ಲಿ ಒಂದನ್ನು ಆರಿಸಬೇಕೆಂಬಂತೆ ಮಾತನಾಡುತ್ತಾರೆ. ಸೃಷ್ಟಿಕರ್ತನನ್ನು ಒಪ್ಪದ ಜೈನನು ಆಕಸ್ಮಿಕವಾದಿಯೇ ಆಗಿರಬೇಕೆಂದು ಹಲವರು, ಜೈನರಲ್ಲಿಯೂ ಕೆಲವರು, ಭಾವಿಸಿರುವುದುಂಟು. ಈ ಭಾವನೆ ಸರಿಯೆ?

ಮೊದಲು ಕರ್ತೃಪಕ್ಷವನ್ನು ನೋಡಬಹುದು. ಈ ಪಕ್ಷವನ್ನು ಅತ್ಯಂತ ನಿಷ್ಠುರವಾಗಿ ಪರೀಕ್ಷಿಸಿದ ಆಚಾರ್ಯರಲ್ಲಿ ಒಬ್ಬರು ಕನ್ನಡ ನಾಡಿನ ರಾಜಾಶ್ರಯದಲ್ಲಿಯೇ ಬಾಳಿದವರು ಎಂಬುದು ನಮಗೆ ಅಭಿಮಾನದ ಸಂಗತಿ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನಿಗೆ ಪೂಜ್ಯರಾಗಿದ್ದ ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದವರು. ತಮ್ಮ ಗುರು ವೀರಸೇನರು ಅರ್ಧಕ್ಕೆ ಬಿಟ್ಟುಹೋದ ‘ಜಯಧವಳಾ’ ಟೀಕೆಯನ್ನು ಪೂರ್ಣಗೊಳಿಸಿದವರು. ತಾವೇ ಆರಂಭಿಸಿದ ‘ಮಹಾಪುರಾಣ’ವನ್ನು ಮುಗಿಸುವ ಮುನ್ನ ಕಾಲವಾದರು, ಅದನ್ನು ಶಿಷ್ಯ ಗುಣಭದ್ರರು ಮುಗಿಸಿದರು. ಪಂಪನ ‘ಆದಿಪುರಾಣ’ಕ್ಕೆ ಆಕರವೂ ಇವರ ಪೂರ್ವಪುರಾಣವೇ. ಅದರ ನಾಲ್ಕನೆಯ ಪರ್ವದಲ್ಲಿ, ಕಥೆಯು ಲೋಕವರ್ಣನೆಗೆ ತೊಡಗುವ ಸಂದರ್ಭದಲ್ಲಿ, ಆಚಾರ್ಯರು ಕಥೆಯನ್ನು ತಡೆದು ನಿಲ್ಲಿಸಿ ಸೃಷ್ಟಿವಾದದೊಡನೆ ವಾದಕ್ಕಿಳಿಯುತ್ತಾರೆ.

ಅವರ ಪ್ರಶ್ನೆಗಳ ಸಾರ ಹೀಗಿದೆ. ಲೋಕವೇ ಇಲ್ಲದಿದ್ದಾಗ ಕರ್ತೃವು ಎಲ್ಲಿದ್ದನು? ಯಾವ ಆಧಾರದ ಮೇಲೆ ನಿಂತು ಈ ಕಾರ್ಯವನ್ನು ಮಾಡಿದನು? ದೇಹವಿಲ್ಲದವನಾದರೆ ದೇಹವುಳ್ಳ ವಸ್ತುಗಳನ್ನು ಹೇಗೆ ಮಾಡಿದನು? ಕುಂಬಾರನಿಗೆ ಮಣ್ಣು ಬೇಕು. ಕರ್ತೃವಿಗೆ ಬೇಕಾದ ಸಾಮಗ್ರಿ ಎಲ್ಲಿಂದ ಬಂದಿತು? ಅದನ್ನೂ ಅವನೇ ಮಾಡಿದನೆಂದರೆ, ಅದನ್ನು ಮಾಡಲು ಬೇಕಾದ ಸಾಮಗ್ರಿಯ ಪ್ರಶ್ನೆ ಮತ್ತೆ ಎದ್ದು, ಎಂದಿಗೂ ಮುಗಿಯದ ಸರಪಳಿಯಾಗುತ್ತದೆ. ಸಾಮಗ್ರಿ ತಾನಾಗಿಯೇ ಇದ್ದಿತೆಂದರೆ, ಲೋಕವೂ ಹಾಗೆಯೇ ತಾನಾಗಿ ಇರಲು ಅಡ್ಡಿಯೇನು? ಇನ್ನು, ಅವನು ಕೃತಕೃತ್ಯನಾದರೆ, ಅಂದರೆ ಪಡೆಯಬೇಕಾದುದೇನೂ ಉಳಿದಿಲ್ಲದವನಾದರೆ, ಮಾಡಬೇಕೆಂಬ ಇಚ್ಛೆ ಅವನಿಗೆ ಏಕೆ ಹುಟ್ಟಿತು? ಇಚ್ಛೆ ಹುಟ್ಟಿತೆಂದರೆ ಏನೋ ಕೊರತೆ ಇದ್ದಿತೆಂದಾಯಿತು. ಕೊರತೆಯುಳ್ಳವನಾದರೆ ಅವನಿಗೂ ಕುಂಬಾರನಿಗೂ ಭೇದವೇನು? ಕರುಣೆಯಿಂದ ಸೃಷ್ಟಿಸಿದನೆನ್ನುವವರಿಗೆ, ಹಾಗಾದರೆ ಲೋಕವೆಲ್ಲ ಸುಖಮಯವಾಗಿ ಏಕಿಲ್ಲ ಎಂಬ ಪ್ರಶ್ನೆ ಕಾದಿದೆ. ಕ್ರೀಡೆಗಾಗಿ ಎನ್ನುವವರು ಪ್ರಾಣಿಗಳ ನೋವನ್ನು ಆಟದ ಸಾಮಾನಾಗಿ ಮಾಡಿದಂತಾಗುತ್ತದೆ.

ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ವಾದಸರಣಿ ಬಹುಕಾಲ ವಿದ್ವಾಂಸರ ಸ್ವತ್ತಾಗಿಯೇ ಇದ್ದಿತು. ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ 1980ರ ‘ಕಾಸ್ಮಾಸ್’ ಗ್ರಂಥದಲ್ಲಿ ಇದರ ಭಾಗವೊಂದನ್ನು ಅಧ್ಯಾಯದ ಮೊದಲಲ್ಲಿ ಉದ್ಧರಿಸಿದ ಮೇಲೆ ಜಗತ್ತಿನ ಅಸಂಖ್ಯ ಓದುಗರು ಜಿನಸೇನರ ಹೆಸರನ್ನು ಕೇಳಿದರು. ಮಳಖೇಡದ ಕೋಟೆಯ ಗೋಡೆಗಳನ್ನು ನೋಡಿ ಬರುವ ನಮ್ಮ ಶಾಲಾ ಪ್ರವಾಸಗಳಲ್ಲಿ ಈ ಹೆಸರು ಎಷ್ಟು ಬಾರಿ ಉಚ್ಚಾರವಾಗುತ್ತದೆ ಎಂಬುದು ಬೇರೆ ಮಾತು.

ಜೈನ ತಾರ್ಕಿಕರು ಇದಕ್ಕೆ ಇನ್ನೊಂದು ಸರಳ ಆಕ್ಷೇಪವನ್ನೂ ಸೇರಿಸಿದರು. ಕಾಡಿನಲ್ಲಿ ಬಿತ್ತುವವನಿಲ್ಲದೆ ಹುಲ್ಲು ಬೆಳೆಯುತ್ತದೆ. ಮಡಕೆಯ ಹಿಂದೆ ಕುಂಬಾರನನ್ನು ಕಂಡ ಅನುಭವ ನಮಗಿದೆ. ಆದುದರಿಂದ ಹೊಸ ಮಡಕೆಯನ್ನು ಕಂಡಾಗ ಅವನನ್ನು ಊಹಿಸುವುದು ನ್ಯಾಯ. ಹುಲ್ಲಿನ ಹಿಂದೆ ಯಾರನ್ನೂ ಕಂಡ ಅನುಭವವಿಲ್ಲ. ಕಾಣದ ಸಂಬಂಧವನ್ನು ಕಂಡಂತೆ ಭಾವಿಸಿ ಅನುಮಾನಕ್ಕೆ ತೊಡಗುವುದು ಪ್ರಮಾಣವಾಗದು.

ಕರ್ತೃವಿಲ್ಲವೆಂದ ಮಾತ್ರಕ್ಕೆ ಆಕಸ್ಮಿಕವೇ ಉಳಿಯಿತೆ? ಆಕಸ್ಮಿಕವಾದವೂ ನಮ್ಮ ದೇಶಕ್ಕೆ ಹೊಸದಲ್ಲ. ಜಗತ್ತಿಗೆ ಕಾರಣವೇನೆಂದು ವಿಚಾರಿಸುವ ಶ್ವೇತಾಶ್ವತರ ಉಪನಿಷತ್ತು ತನ್ನ ಆರಂಭದಲ್ಲಿಯೇ ಕಾಲ, ಸ್ವಭಾವ, ನಿಯತಿ ಮೊದಲಾದವುಗಳ ಸಾಲಿನಲ್ಲಿ ‘ಯದೃಚ್ಛೆ’ಯನ್ನೂ ಹೆಸರಿಸುತ್ತದೆ. ಯದೃಚ್ಛೆಯೆಂದರೆ ಕಾರಣವಿಲ್ಲದೆ ಒದಗುವುದು, ಇಂದಿನ ಮಾತಿನಲ್ಲಿ ಆಕಸ್ಮಿಕ. ಜೈನದರ್ಶನ ಇದನ್ನೂ ಒಪ್ಪುವುದಿಲ್ಲ. ಯಾವ ಪರ್ಯಾಯವೂ ಕಾರಣವಿಲ್ಲದೆ ಹುಟ್ಟದು. ಉಪಾದಾನವೂ ಬೇಕು, ನಿಮಿತ್ತವೂ ಬೇಕು.

ಇಲ್ಲಿ ಇಂದಿನ ವಿಜ್ಞಾನ ನಿಜವಾಗಿ ಏನು ಹೇಳುತ್ತದೆಂದು ಅರಿಯುವುದು ಅಗತ್ಯ. ಏಕೆಂದರೆ ‘ವಿಜ್ಞಾನಿಗಳು ಎಲ್ಲವೂ ಆಕಸ್ಮಿಕವೆನ್ನುತ್ತಾರೆ’ ಎಂಬ ಮಾತು ಪ್ರವಚನ ವೇದಿಕೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಅದು ವಿಜ್ಞಾನಿಗಳಿಗೆ ಮಾಡುವ ಅನ್ಯಾಯ. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಂಸದ ಪಾತ್ರೆಗಳಲ್ಲಿ ಕೆಲವನ್ನು ತೆರೆದಿಟ್ಟು, ಕೆಲವನ್ನು ತೆಳುಬಟ್ಟೆಯಿಂದ ಮುಚ್ಚಿ, ನೊಣ ಮೊಟ್ಟೆಯಿಡಲಾಗದ ಪಾತ್ರೆಯಲ್ಲಿ ಹುಳು ಹುಟ್ಟುವುದಿಲ್ಲವೆಂದು ತೋರಿಸಿದರು. 1860ರ ಹೊತ್ತಿಗೆ ಲೂಯಿ ಪಾಶ್ಚರ್ ಹಂಸದ ಕೊರಳಿನಂಥ ಬಾಗಿದ ಕೊಳವೆಯ ಗಾಜಿನ ಬುರುಡೆಗಳಲ್ಲಿ ಕುದಿಸಿದ ಸಾರವನ್ನಿಟ್ಟು, ಸೂಕ್ಷ್ಮಾಣುಗಳಿಗೂ ಇದೇ ನಿಯಮವೆಂದು ತೋರಿಸಿದರು. ಜೀವದಿಂದಲೇ ಜೀವ ಎಂದಾದರೆ ಮೊದಲ ಜೀವಿ ಎಲ್ಲಿಂದ ಬಂದಿತು? ರಷ್ಯದ ಒಪಾರಿನ್ 1924ರಲ್ಲಿ, ಇಂಗ್ಲೆಂಡಿನ ಹಾಲ್ಡೇನ್ 1929ರಲ್ಲಿ, ಆದಿಕಾಲದ ಭೂಮಿಯ ನೀರಿನಲ್ಲಿ ರಾಸಾಯನಿಕಗಳು ಹಂತಹಂತವಾಗಿ ಕೂಡಿಕೊಂಡಿರಬೇಕೆಂದು ತರ್ಕಿಸಿದರು. (ಈ ಹಾಲ್ಡೇನ್ ಮುಂದೆ ಭಾರತದ ಪೌರತ್ವವನ್ನೇ ಪಡೆದು ಭುವನೇಶ್ವರದಲ್ಲಿ ನಿಧನರಾದರು.) 1953ರಲ್ಲಿ ಶಿಕಾಗೊದ ಯುವ ಸಂಶೋಧಕ ಸ್ಟ್ಯಾನ್ಲಿ ಮಿಲ್ಲರ್, ತಮ್ಮ ಗುರು ಹೆರಾಲ್ಡ್ ಯೂರಿಯವರ ಪ್ರಯೋಗಾಲಯದಲ್ಲಿ ಮೀಥೇನ್, ಅಮೋನಿಯ, ಹೈಡ್ರೋಜನ್ ಮತ್ತು ನೀರಾವಿಯ ಮಿಶ್ರಣಕ್ಕೆ ವಿದ್ಯುತ್ ಕಿಡಿಗಳನ್ನು ಹಾಯಿಸಿದಾಗ ಕೆಲವೇ ದಿನಗಳಲ್ಲಿ ಅಮೈನೋ ಆಮ್ಲಗಳು ದೊರೆತವು. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರ ಸೆಪ್ಟೆಂಬರಿನಲ್ಲಿ ಭೂಮಿಗೆ ತಂದ ಧೂಳಿನಲ್ಲಿ, ಜೀವಿಗಳು ಬಳಸುವ 20 ಅಮೈನೋ ಆಮ್ಲಗಳ ಪೈಕಿ 14 ಇದ್ದುದು 2025ರಲ್ಲಿ ಪ್ರಕಟವಾಯಿತು.

ಇಟ್ಟಿಗೆಯ ರಾಶಿ ಮನೆಯಲ್ಲ; ಅಮೈನೋ ಆಮ್ಲ ಜೀವವಲ್ಲ. ಇದನ್ನು ಹಿಡಿದು ಕರ್ತೃವಾದಿಗಳು ಒಂದು ಲೆಕ್ಕವನ್ನು ಮುಂದಿಡುತ್ತಾರೆ. 100 ಅಮೈನೋ ಆಮ್ಲಗಳ ಒಂದು ಪ್ರೋಟೀನು ನಿರ್ದಿಷ್ಟ ಕ್ರಮದಲ್ಲಿ ತಾನಾಗಿ ಜೋಡಣೆಯಾಗುವ ಸಂಭವ, 1ರ ಮುಂದೆ 130 ಸೊನ್ನೆಗಳನ್ನು ಬರೆದರೆ ಬರುವ ಸಂಖ್ಯೆಯಲ್ಲಿ ಒಂದು. ಗುಜರಿ ಅಂಗಡಿಯ ಮೇಲೆ ಬೀಸಿದ ಸುಂಟರಗಾಳಿ ಬೋಯಿಂಗ್ 747 ವಿಮಾನವನ್ನು ಜೋಡಿಸಿಟ್ಟಂತೆ ಎಂಬ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್‌ರ ಹೋಲಿಕೆ ಪ್ರಸಿದ್ಧವಾದುದು. ಲೆಕ್ಕ ಸರಿಯಾಗಿದೆ, ಆದರೆ ಅದನ್ನು ಹೂಡಿದ ರೀತಿ ಸರಿಯಿಲ್ಲ. ದ್ಯೂತವು ಸಪ್ತವ್ಯಸನಗಳಲ್ಲಿ ಮೊದಲನೆಯದಾದರೂ, ಗಣಿತಕ್ಕಾಗಿ ಮಾತ್ರ 10 ದಾಳಗಳನ್ನು ಕೈಗೆ ತೆಗೆದುಕೊಳ್ಳಬಹುದು. ಹತ್ತನ್ನೂ ಒಟ್ಟಿಗೆ ಎಸೆದು ಹತ್ತರಲ್ಲಿಯೂ ಆರು ಬೀಳಬೇಕೆಂದರೆ ಸರಾಸರಿ 6 ಕೋಟಿಗೂ ಹೆಚ್ಚು ಬಾರಿ ಎಸೆಯಬೇಕು. ಆದರೆ ಆರು ಬಿದ್ದ ದಾಳಗಳನ್ನು ಹಾಗೆಯೇ ಉಳಿಸಿಕೊಂಡು ಮಿಕ್ಕವನ್ನು ಮಾತ್ರ ಮತ್ತೆ ಎಸೆಯುತ್ತ ಹೋದರೆ ಹದಿನಾರು ಹದಿನೇಳು ಎಸೆತಗಳು ಸಾಕು. ನಿಸರ್ಗದಲ್ಲಿಯೂ ಬದಲಾವಣೆ ಬರುವುದು ಗೊತ್ತುಗುರಿಯಿಲ್ಲದೆ. ಉಳಿಯುವುದು ಮಾತ್ರ ನಿಯಮಕ್ಕೆ ಒಳಪಟ್ಟು. ಡಾರ್ವಿನ್ನರ ಸಿದ್ಧಾಂತದ ಜೀವಾಳವಿದು. ಅಷ್ಟೇ ಅಲ್ಲ, ಕೆಲವು ಕೊಬ್ಬಿನ ಅಣುಗಳನ್ನು ನೀರಿಗೆ ಹಾಕಿದರೆ ಅವು ತಾವಾಗಿಯೇ ಪೊರೆಗಟ್ಟಿ ಸಣ್ಣ ಗುಳ್ಳೆಗಳಾಗುತ್ತವೆ. ಅವನ್ನು ಯಾರೂ ಜೋಡಿಸುವುದಿಲ್ಲ, ಅದು ಆಕಸ್ಮಿಕವೂ ಅಲ್ಲ. ಅದು ಆ ದ್ರವ್ಯದ ಸ್ವಭಾವ. ಈ ಪದವನ್ನು ಜೈನ ಓದುಗರಿಗೆ ವಿವರಿಸಬೇಕಾಗಿಲ್ಲ.

ಹಾಗೆಂದು ಆಧುನಿಕ ರಸಾಯನಶಾಸ್ತ್ರವೂ ಜಿನಾಗಮವೂ ಒಂದೇ ಮಾತನ್ನು ಹೇಳುತ್ತವೆಂದು ಸಂಭ್ರಮಪಡುವುದು ಆತುರದ ಮಾತಾದೀತು. ಭೇದವಿದೆ, ಅದು ಮೂಲದಲ್ಲಿಯೇ ಇದೆ. ಜೈನದರ್ಶನದ ಪ್ರಕಾರ ಜೀವ ಬೇರೆ, ಪುದ್ಗಲ ಬೇರೆ. ಅರಿಯುವುದು ಜೀವದ ಲಕ್ಷಣ; ಪುದ್ಗಲಕ್ಕೆ ರೂಪ, ರಸ, ಗಂಧ, ಸ್ಪರ್ಶಗಳುಂಟು, ಅರಿವಿಲ್ಲ. ಪುದ್ಗಲವು ಎಷ್ಟೇ ಸೂಕ್ಷ್ಮವಾಗಿ ಜೋಡಣೆಗೊಂಡರೂ ಜೀವವಾಗದು. ಜೀವವು ಎಷ್ಟೇ ಕರ್ಮಭಾರದಿಂದ ಕುಗ್ಗಿದರೂ, ನಿಗೋದದ ಅತಿ ಕೆಳಗಿನ ಅವಸ್ಥೆಯಲ್ಲಿಯೂ, ಪುದ್ಗಲವಾಗದು. ಎರಡೂ ಅನಾದಿ, ಎರಡೂ ಅನಂತ. ಆದುದರಿಂದ ‘ಜೀವದ ಮೂಲ’ ಎಂಬ ಮಾತಿಗೆ ಜೈನದರ್ಶನದಲ್ಲಿ ಅರ್ಥವೇ ಇಲ್ಲ. ದೇಹದ ಮೂಲವನ್ನು ಮಾತ್ರ ಕೇಳಬಹುದು. ವಿಜ್ಞಾನಿಯಾದರೋ ದೇಹದ ಜೋಡಣೆಯೇ ಜೀವವೆಂದು ಹಿಡಿದು ನಡೆಯುತ್ತಾನೆ.

ನಾಳೆ ಯಾವುದೋ ಪ್ರಯೋಗಾಲಯದ ಗಾಜಿನ ಬುರುಡೆಯಲ್ಲಿ ಜಡದ್ರವ್ಯಗಳಿಂದಲೇ ಸಿದ್ಧವಾದ ಕೋಶವೊಂದು ಆಹಾರವನ್ನು ಹೀರಿ, ಎರಡಾಗಿ ಒಡೆದು, ವಂಶವನ್ನು ಬೆಳೆಸತೊಡಗಿದರೆ ಜೈನಸಿದ್ಧಾಂತ ಕುಸಿಯುವುದೆ? ಈ ಪ್ರಶ್ನೆಯನ್ನು ತರುಣರು ಕೇಳುತ್ತಾರೆ, ಕೇಳಬೇಕು ಕೂಡ. ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ ಎರಡನೆಯ ಅಧ್ಯಾಯದಲ್ಲಿ ಜನ್ಮಸ್ಥಾನಗಳಾದ ಯೋನಿಗಳನ್ನು ವಿಂಗಡಿಸುವಾಗ ಸಚಿತ್ತ ಯೋನಿಯ ಜೊತೆಗೆ ಅಚಿತ್ತ ಯೋನಿಯನ್ನೂ, ಅಂದರೆ ಜೀವರಹಿತವಾದ ಜನ್ಮಸ್ಥಾನವನ್ನೂ, ಎಣಿಸಿದೆ. ಜಡದ್ರವ್ಯದಲ್ಲಿ ದೇಹಕ್ಕೆ ಯೋಗ್ಯವಾದ ಸನ್ನಿವೇಶ ಒದಗಿದರೆ ಜೀವವೊಂದು ಅಲ್ಲಿಗೆ ಬಂದು ಸೇರಬಹುದು. ಬುರುಡೆಯು ನೆಲೆಯನ್ನು ಒದಗಿಸಿತೇ ಹೊರತು ಜೀವವನ್ನು ಹುಟ್ಟಿಸಲಿಲ್ಲ ಎಂದು ಜೈನನು ಉತ್ತರಿಸಬಲ್ಲನು. ಜೀವ ಬಂದುದನ್ನು ಯಾವ ಉಪಕರಣದಿಂದ ಕಂಡಿರಿ ಎಂದು ವಿಜ್ಞಾನಿ ಮರುಪ್ರಶ್ನೆ ಹಾಕಿದರೆ, ಆ ಪ್ರಶ್ನೆ ನ್ಯಾಯವಾದುದೆಂದು ಒಪ್ಪಬೇಕು. ಅಮೂರ್ತವಾದುದು ಉಪಕರಣಕ್ಕೆ ಸಿಕ್ಕದು. ಜೀವದ ಅಸ್ತಿತ್ವಕ್ಕೆ ಜೈನನು ಕೊಡುವ ಸಾಕ್ಷ್ಯ ಆಗಮದ್ದು ಮತ್ತು ‘ನಾನು ಅರಿಯುತ್ತಿದ್ದೇನೆ’ ಎಂಬ ಸ್ವಸಂವೇದನೆಯದು. ಬುರುಡೆಯ ಫಲಿತಾಂಶ ಅದನ್ನು ಸ್ಥಾಪಿಸಲೂ ಆರದು, ಕೆಡವಲೂ ಆರದು.

ಇದೇ ಅಧ್ಯಾಯದಲ್ಲಿ ಬರುವ ಸಮ್ಮೂರ್ಛನ ಜನ್ಮದ ವಿಷಯ ಇನ್ನಷ್ಟು ಸೂಕ್ಷ್ಮವಾದುದು. ಗರ್ಭ, ಉಪಪಾದ, ಸಮ್ಮೂರ್ಛನ ಎಂದು ಜನ್ಮ ಮೂರು ವಿಧ. ಏಕೇಂದ್ರಿಯದಿಂದ ಚತುರಿಂದ್ರಿಯದವರೆಗಿನ ಜೀವಿಗಳು, ಅಂದರೆ ಇರುವೆ, ನೊಣಗಳೆಲ್ಲವೂ, ತಾಯಿತಂದೆಗಳಿಲ್ಲದೆ ಸುತ್ತಲಿನ ಪುದ್ಗಲದಿಂದಲೇ ದೇಹವನ್ನು ಕಟ್ಟಿಕೊಳ್ಳುವ ಸಮ್ಮೂರ್ಛನರೆಂದು ಪರಂಪರೆಯ ಹೇಳಿಕೆ. ಆದರೆ ನೊಣ ಮೊಟ್ಟೆಯಿಡುವುದನ್ನು ರೆಡಿ ತೋರಿಸಿದ್ದಾರೆ. ಇರುವೆಯ ಗೂಡನ್ನು ಕೆದಕಿದ ಯಾವ ಬಾಲಕನೂ ಅದರ ಮೊಟ್ಟೆಗಳನ್ನು ಕಂಡಿರುತ್ತಾನೆ. ಗ್ರೀಸಿನ ಅರಿಸ್ಟಾಟಲನೂ ಕೆಲವು ಕೀಟಗಳು ಕೊಳೆತ ವಸ್ತುಗಳಿಂದ ತಾವಾಗಿ ಹುಟ್ಟುತ್ತವೆಂದೇ ತಿಳಿದಿದ್ದನು. ಕಣ್ಣಿಗೆ ಕಂಡಷ್ಟನ್ನು ಆಧರಿಸಿ ಮಾಡಿದ ವರ್ಗೀಕರಣವು ಸೂಕ್ಷ್ಮದರ್ಶಕ ಬಂದ ಮೇಲೆ ಬದಲಾಗುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ನಾಚಿಕೆಪಡಬೇಕಾದುದು, ಎಲ್ಲವೂ ನಮ್ಮ ಶಾಸ್ತ್ರದಲ್ಲಿ ಮೊದಲೇ ಇದ್ದಿತೆಂದು ಸಾಧಿಸಲು ಮಾತಿನ ಅರ್ಥವನ್ನು ಹಿಂಜಿ ಎಳೆಯುವ ಕಿರುಹೊತ್ತಗೆಗಳ ಬಗ್ಗೆ. ಅನೇಕಾಂತವನ್ನು ಲೋಕಕ್ಕೆ ಕೊಟ್ಟ ಪರಂಪರೆಗೆ ಅಂಥ ವಕೀಲಿಕೆ ಬೇಕಾಗಿಲ್ಲ.

ಆಕಸ್ಮಿಕವೂ ಅಲ್ಲ, ಕರ್ತೃವೂ ಅಲ್ಲವೆಂದ ಮೇಲೆ ಕಾರಣವನ್ನು ಹೇಗೆ ಹೇಳಬೇಕು? ಸಿದ್ಧಸೇನ ದಿವಾಕರರ ‘ಸನ್ಮತಿತರ್ಕ’ ಇದಕ್ಕೊಂದು ಮಾರ್ಗವನ್ನು ತೋರಿಸುತ್ತದೆ. ಕಾಲ, ಸ್ವಭಾವ, ನಿಯತಿ, ಪೂರ್ವಕೃತ ಕರ್ಮ, ಪುರುಷಾರ್ಥ ಎಂಬ ಐದರಲ್ಲಿ ಒಂದನ್ನೇ ಹಿಡಿದು ಅದೇ ಸರ್ವಕಾರಣವೆಂದರೆ ಮಿಥ್ಯಾತ್ವ; ಐದನ್ನೂ ಕೂಡಿಸಿ ನೋಡಿದರೆ ಸಮ್ಯಕ್ತ್ವ ಎಂಬುದು ಅಲ್ಲಿಯ ನಿಲುವು. ಮಾವಿನ ಗೊರಟೆಯಿಂದ ಮಾವೇ ಬರುವುದು ಸ್ವಭಾವ, ಮೊಳೆತ ಮರುದಿನವೇ ಹಣ್ಣಾಗದಿರುವುದು ಕಾಲ, ನೀರೆರೆಯುವುದು ಪುರುಷಾರ್ಥ. ಉಳಿದೆರಡನ್ನು ಓದುಗರೇ ಹೊಂದಿಸಿಕೊಳ್ಳಬಲ್ಲರು.

ಈ ಪಟ್ಟಿಯನ್ನು ಉರುಹೊಡೆಯುವುದು ಸುಲಭ. ಅದರ ಭಾರ ತಿಳಿಯುವುದು ದುಃಖದ ಮನೆಯ ಬಾಗಿಲಲ್ಲಿ. ಹೃದಯದಲ್ಲಿ ರಂಧ್ರವಿರುವ ಕೂಸು ಹುಟ್ಟಿದ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ನೆರೆಯವರೊಬ್ಬರು ಬಂದು ದೇವರ ಚಿತ್ತವೆನ್ನುತ್ತಾರೆ. ಓದಿದ ನೆಂಟರೊಬ್ಬರು ಆಕಸ್ಮಿಕ, ಯಾರಿಗಾದರೂ ಆಗಬಹುದು ಎನ್ನುತ್ತಾರೆ. ಮೂರನೆಯವರು, ಬಹುಶಃ ಬಸದಿಯ ಬಂಧುವೇ, ಪೂರ್ವಜನ್ಮದ ಪಾಪವೆನ್ನುತ್ತಾರೆ. ಈ ಮೂವರಲ್ಲಿ ತಾಯಿಯ ಎದೆಗೆ ಹೆಚ್ಚು ಆಳವಾಗಿ ಇರಿದವರು ಮೂರನೆಯವರು. ಶಾಸ್ತ್ರದ ಹೆಸರಿನಲ್ಲಿ ಆಡಿದ ಮಾತು ಶಾಸ್ತ್ರಕ್ಕೆ ಎಲ್ಲರಿಗಿಂತ ದೂರವಾದುದೂ ಅವರದೇ. ಪೂರ್ವಕೃತವೊಂದೇ ಕಾರಣವೆನ್ನುವುದು, ಈಶ್ವರನೊಬ್ಬನೇ ಕಾರಣವೆನ್ನುವಷ್ಟೇ ಏಕಾಂತವಲ್ಲವೆ? ಕರ್ಮಸಿದ್ಧಾಂತ ತನ್ನ ಅಂತರಂಗವನ್ನು ತಾನೇ ಶೋಧಿಸಿಕೊಳ್ಳಲು ಇಟ್ಟ ದೀಪ. ಪರರ ಮುಖಕ್ಕೆ ಹಿಡಿಯಲು ಇಟ್ಟುದಲ್ಲ. ಆ ಕೂಸಿನ ಮಟ್ಟಿಗೆ ಈಗ ಬೇಕಾದುದು ಐದನೆಯ ಕಾರಣ, ಪುರುಷಾರ್ಥ: ಒಳ್ಳೆಯ ವೈದ್ಯರು, ಶಸ್ತ್ರಚಿಕಿತ್ಸೆಗೆ ಹಣ, ಆಸ್ಪತ್ರೆಯಲ್ಲಿ ರಾತ್ರಿ ಎಚ್ಚರವಿರಲು ಒಬ್ಬ ಬಂಧು. ಹೃದಯದ ಇಂಥ ಅನೇಕ ರಂಧ್ರಗಳನ್ನು ಇಂದು ಮುಚ್ಚಬಹುದಾಗಿದೆ. ಕೆಲವು ಬೆಳೆಯುತ್ತ ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಆಕಸ್ಮಿಕವಾದಕ್ಕೂ ಕರ್ತೃವಾದಕ್ಕೂ ಹೊರನೋಟಕ್ಕೆ ಎಷ್ಟೇ ವಿರೋಧವಿದ್ದರೂ ಒಂದು ವಿಷಯದಲ್ಲಿ ಅವು ಜೊತೆಗಾರರು. ಎರಡೂ ಅತಿಗೆ ಹೋದಾಗ ಜೀವದ ಲಗಾಮನ್ನು ಜೀವದ ಕೈಯಿಂದ ಕಸಿದು ಹೊರಗೆ ಇಡುತ್ತವೆ. ನಿಯತಿವಾದ ಮಾಡುವುದೂ ಅದನ್ನೇ. ಮಹಾವೀರ ಸ್ವಾಮಿಯ ಕಾಲದಲ್ಲಿ ಈ ನಿಯತಿವಾದವೇ ಪ್ರಬಲ ಎದುರಾಳಿಯಾಗಿದ್ದಿತು. ಆಜೀವಕರ ಗುರು ಮಂಖಲಿ ಗೋಶಾಲ ಅದರ ಪ್ರತಿಪಾದಕ. ಶ್ವೇತಾಂಬರ ಆಗಮಗಳಲ್ಲಿ ಏಳನೆಯ ಅಂಗವಾದ ‘ಉಪಾಸಕದಶಾ’ದಲ್ಲಿ ಬರುವ ಒಂದು ಪ್ರಸಂಗ ಕನ್ನಡದ ದಿಗಂಬರ ಮನೆಗಳಲ್ಲಿ ಅಷ್ಟಾಗಿ ಪರಿಚಿತವಲ್ಲ, ಪರಿಚಿತವಾಗಬೇಕಾದುದು. ಅದರ ನಾಯಕ ಒಬ್ಬ ಕುಂಬಾರ.

ಪೋಲಾಸಪುರದ ಸದ್ದಾಲಪುತ್ತ ಸಾಮಾನ್ಯ ಕುಂಬಾರನಲ್ಲ. ಊರ ಹೊರಗೆ ಅವನಿಗೆ 500 ಮಡಕೆಯಂಗಡಿಗಳಿದ್ದವು. ಅವನು ಗೋಶಾಲನ ನಿಷ್ಠಾವಂತ ಅನುಯಾಯಿ. ಭಗವಂತನು ಆ ಊರಿಗೆ ಬಂದು ಅವನ ಅಂಗಡಿಯಲ್ಲಿಯೇ ಬೀಡುಬಿಟ್ಟಿದ್ದಾಗ, ಸದ್ದಾಲಪುತ್ತ ಒಂದು ದಿನ ಹಸಿ ಮಡಕೆಗಳನ್ನು ಬಿಸಿಲಿಗೆ ಒಣಗಲು ಇಡಿಸುತ್ತಿದ್ದನು. ಈ ಮಡಕೆಗಳು ಹೇಗಾದವೆಂದು ಭಗವಂತನು ಕೇಳಿದನು. ಮೊದಲು ಮಣ್ಣಾಗಿದ್ದಿತು, ನೀರಿನಲ್ಲಿ ಕಲಸಿ, ಬೂದಿ ಸಗಣಿಗಳನ್ನು ಬೆರೆಸಿ, ಚಕ್ರಕ್ಕೇರಿಸಿದೆವು ಎಂದು ಅವನು ವಿವರಿಸಿದನು. ಹಾಗಾದರೆ ಇವು ಪ್ರಯತ್ನದಿಂದಾದವೋ, ಪ್ರಯತ್ನವಿಲ್ಲದೆ ಆದವೋ ಎಂಬುದು ಮುಂದಿನ ಪ್ರಶ್ನೆ. ಮಣ್ಣು ಅಂಟಿದ ಕೈಗಳನ್ನು ಮುಂದಿಟ್ಟುಕೊಂಡೇ ಸದ್ದಾಲಪುತ್ತ ತನ್ನ ಮತಕ್ಕೆ ನಿಷ್ಠನಾಗಿ ಉತ್ತರಿಸಿದನು: ಪ್ರಯತ್ನವೆಂಬುದಿಲ್ಲ, ಎಲ್ಲವೂ ನಿಯತ.

ಭಗವಂತನು ವಾದ ಮಾಡಲಿಲ್ಲ. ಯಾರಾದರೂ ಬಂದು ಈ ಮಡಕೆಗಳನ್ನು ಕದ್ದರೆ, ಒಡೆದು ಚೆಲ್ಲಿದರೆ, ನಿನ್ನ ಹೆಂಡತಿ ಅಗ್ನಿಮಿತ್ರೆಯೊಡನೆ ಅನುಚಿತವಾಗಿ ನಡೆದುಕೊಂಡರೆ ಏನು ಮಾಡುವೆ ಎಂದು ಕೇಳಿದನು. ಬಯ್ಯುವೆ, ಹೊಡೆಯುವೆ, ಕಟ್ಟಿಹಾಕುವೆ, ಕೊಂದರೂ ಕೊಂದೇನು ಎಂದನು ಕುಂಬಾರ. ಪ್ರಯತ್ನವೇ ಇಲ್ಲವಾದರೆ ಕದ್ದವನು ಯಾರು, ಒಡೆದವನು ಯಾರು? ಅವನನ್ನು ನೀನು ದಂಡಿಸುವುದಾದರೆ ಎಲ್ಲವೂ ನಿಯತವೆಂಬ ನಿನ್ನ ಮಾತು ಎಲ್ಲಿ ನಿಲ್ಲುತ್ತದೆ? ಸದ್ದಾಲಪುತ್ತನಿಗೆ ತಿಳಿಯಿತು. ಅವನೂ ಅಗ್ನಿಮಿತ್ರೆಯೂ ಶ್ರಾವಕರ ಹನ್ನೆರಡು ವ್ರತಗಳನ್ನು ಸ್ವೀಕರಿಸಿದರು.

ಸುದ್ದಿ ಕೇಳಿದ ಗೋಶಾಲ ಶಿಷ್ಯನನ್ನು ಮರಳಿ ಪಡೆಯಲು ಪೋಲಾಸಪುರಕ್ಕೆ ಬಂದನು. ಸದ್ದಾಲಪುತ್ತ ಅವನನ್ನು ಮೊದಲಿನಂತೆ ಎದುರುಗೊಳ್ಳಲಿಲ್ಲ. ಗೋಶಾಲ ಮಹಾವೀರನ ಗುಣಗಳನ್ನೇ ಬಗೆಬಗೆಯಾಗಿ ಹೊಗಳತೊಡಗಿದನು. ಆದರೆ ನನ್ನ ಆಚಾರ್ಯನೊಡನೆ ವಾದಕ್ಕೆ ನಿಲ್ಲುವೆಯಾ ಎಂದು ಸದ್ದಾಲಪುತ್ತ ಕೇಳಿದಾಗ, ನಿಲ್ಲಲಾರೆನೆಂದು ಒಪ್ಪಿಕೊಂಡನು. ಕೊನೆಗೆ ಸದ್ದಾಲಪುತ್ತ ಅವನಿಗೆ ಪೀಠವನ್ನೂ ಹಲಗೆಯನ್ನೂ ತಂಗಲು ತನ್ನ ಅಂಗಡಿಯನ್ನೂ ಕೊಟ್ಟನು. ಇದನ್ನು ಧರ್ಮವೆಂದು ತಿಳಿದು ಕೊಡುತ್ತಿಲ್ಲ, ನನ್ನ ಗುರುವನ್ನು ಇದ್ದಂತೆ ಹೊಗಳಿದುದಕ್ಕಾಗಿ ಕೊಡುತ್ತಿದ್ದೇನೆ ಎಂದು ಹೇಳಿಯೇ ಕೊಟ್ಟನು. ಗೋಶಾಲ ಕೆಲವು ಕಾಲ ಆ ಮಡಕೆಗಳ ನಡುವೆ ಉಳಿದು, ಎಷ್ಟು ಬಗೆಯಲ್ಲಿ ಹೇಳಿದರೂ ಅವನ ಮನಸ್ಸನ್ನು ತಿರುಗಿಸಲಾರದೆ, ಬಳಲಿ, ಬೇರೆ ಊರಿನ ದಾರಿ ಹಿಡಿದನು.